ಸ್ಲೈಡ್‌ಔಟ್ ಟ್ರೇಲರ್‌ನಲ್ಲಿ ದೊಡ್ಡ ಸಾಮಾನು ಇಡುವುದೆಲ್ಲಿ? ಜಾಗಕ್ಕಿಂತ ಮೊದಲು ತೂಕ ನೋಡಿ

ಅಮೆರಿಕದಲ್ಲಿ ಬೇಸಿಗೆ ರಜೆ ಶುರುವಾಯಿತೆಂದರೆ ಹೆದ್ದಾರಿಗಳಲ್ಲಿ ಪಿಕಪ್ ಟ್ರಕ್‌ಗಳ ಹಿಂದೆ ಪುಟ್ಟ ಮನೆಗಳು ಸಾಲಾಗಿ ಓಡತೊಡಗುತ್ತವೆ. ಒಳಗೆ ಹಾಸಿಗೆ, ಅಡುಗೆಮನೆ, ಫ್ರಿಡ್ಜ್, ಶೌಚಾಲಯ ಎಲ್ಲವೂ ಇರುವ ಇವುಗಳೇ ಟ್ರಾವೆಲ್ ಟ್ರೇಲರ್‌ಗಳು. ಮಕ್ಕಳಿರುವ ಕುಟುಂಬಗಳು ಇವುಗಳಲ್ಲಿ ‘ಸ್ಲೈಡ್‌ಔಟ್’ ಇರುವ ಮಾದರಿಯನ್ನು ಹುಡುಕುತ್ತವೆ. ಗಾಡಿ ನಿಂತ ಮೇಲೆ ಒಂದು ಬಟನ್ ಒತ್ತಿದರೆ ಸಾಕು, ಗೋಡೆಯ ಒಂದು ಭಾಗ ಸೋಫಾ, ಊಟದ ಮೇಜು ಸಮೇತ ಹೊರಕ್ಕೆ ಸರಿಯುತ್ತದೆ. ಇಕ್ಕಟ್ಟಾಗಿದ್ದ ಓಣಿ ಹಜಾರದಂತಾಗುತ್ತದೆ.

ತಲೆನೋವು ಶುರುವಾಗುವುದು ಸೈಕಲ್, ಕಯಾಕ್, ಗ್ರಿಲ್, ಜನರೇಟರ್, ಮಡಚುವ ಕುರ್ಚಿಗಳನ್ನು ಎಲ್ಲಿಡಬೇಕು ಎಂದು ಯೋಚಿಸುವಾಗ. ಸ್ಲೈಡ್ ತೆರೆದಾಗ ಕಾಣುವ ಜಾಗ ಪ್ರಯಾಣದ ವೇಳೆ ಇರುವುದೇ ಇಲ್ಲ. ಜಾಗ ಸಿಕ್ಕರೂ ಆ ತೂಕವನ್ನು ಹೊರುವ ಶಕ್ತಿ ಟ್ರೇಲರ್‌ಗೆ ಉಳಿದಿದೆಯೇ ಎಂಬುದು ಬೇರೆಯದೇ ಲೆಕ್ಕ. ಆ ಲೆಕ್ಕ ತಪ್ಪಿದರೆ ಟೈರ್ ಸಿಡಿಯುವುದರಿಂದ ಹಿಡಿದು ಹೆದ್ದಾರಿಯಲ್ಲಿ ಟ್ರೇಲರ್ ಓಲಾಡಿ ಮಗುಚುವವರೆಗೆ ಏನು ಬೇಕಾದರೂ ಆಗಬಹುದು.

ಭಾರತದಲ್ಲಿ ಕ್ಯಾರವಾನ್ ಎಂದರೆ ಬಹುತೇಕ ವ್ಯಾನ್ ಅಥವಾ ಬಸ್ಸಿನ ಮಾದರಿಯ ವಾಹನ. ಎಳೆದೊಯ್ಯುವ ಸ್ಲೈಡ್‌ಔಟ್ ಟ್ರೇಲರ್ ಇಲ್ಲಿ ಅಪರೂಪ. ಆದರೆ ಮಕ್ಕಳು ಅಮೆರಿಕದಲ್ಲಿರುವ ಕುಟುಂಬಗಳಿಗೆ ಇದು ಅಷ್ಟೇನೂ ದೂರದ ವಿಷಯವಲ್ಲ. ಅಪ್ಪ-ಅಮ್ಮ ಬಂದಾಗ ಟ್ರೇಲರ್ ಬಾಡಿಗೆಗೆ ಪಡೆದು ಯೆಲ್ಲೋಸ್ಟೋನ್ ಕಡೆಗೋ ಗ್ರ್ಯಾಂಡ್ ಕ್ಯಾನ್ಯನ್ ಕಡೆಗೋ ಹೊರಡುವವರಿಗೆ, ಸ್ವಂತಕ್ಕೆ ಒಂದು ಕೊಳ್ಳೋಣ ಎಂದುಕೊಂಡವರಿಗೆ ಗೊತ್ತಿರಬೇಕಾದ ಮಾಹಿತಿ ಇಲ್ಲಿದೆ.

ಸ್ಲೈಡ್‌ಔಟ್ ಬಂದಿದ್ದೇಕೆ?

ಕಾರಣ ರಸ್ತೆ. ಅಮೆರಿಕದ 1982ರ ಫೆಡರಲ್ ಕಾಯ್ದೆ ಪ್ರಮುಖ ಹೆದ್ದಾರಿಗಳಲ್ಲಿ ವಾಣಿಜ್ಯ ವಾಹನಗಳ ಅಗಲಕ್ಕೆ 102 ಇಂಚು, ಅಂದರೆ ಸುಮಾರು 2.6 ಮೀಟರ್ ಎಂದು ಅಳತೆ ನಿಗದಿ ಮಾಡಿತು. ಟ್ರೇಲರ್‌ಗಳೂ ಈ ಅಳತೆಯೊಳಗೇ ಇರುತ್ತವೆ. ಹಲವು ಮಾದರಿಗಳದ್ದು 96 ಇಂಚು ಮಾತ್ರ. ಉದ್ದ ಹೆಚ್ಚಿಸಬಹುದು, ಅಗಲ ಹೆಚ್ಚಿಸುವಂತಿಲ್ಲ. ಹಾಗಾಗಿ ಓಡುವಾಗ ಒಂದು ಅಗಲ, ನಿಂತಾಗ ಇನ್ನೊಂದು ಅಗಲ ಎಂಬ ಉಪಾಯ ಹೊಳೆಯಿತು. 1990ರ ಆಸುಪಾಸಿನಲ್ಲಿ ಇದನ್ನು ಮನೆಗಾಡಿಗಳಲ್ಲಿ ಜನಪ್ರಿಯಗೊಳಿಸಿದವರಲ್ಲಿ ಇಂಡಿಯಾನಾ ರಾಜ್ಯದ ನ್ಯಾಪನಿಯಲ್ಲಿರುವ ನ್ಯೂಮಾರ್ ಕಂಪನಿಯ ಹೆಸರು ಮೊದಲು ಬರುತ್ತದೆ. ಪಕ್ಕದ ಎಲ್ಖಾರ್ಟ್ ಪಟ್ಟಣವಂತೂ ‘ಆರ್‌ವಿ ರಾಜಧಾನಿ’ ಎಂದೇ ಹೆಸರುವಾಸಿ.

ಸ್ಲೈಡ್ ಹೊರಬಂದಾಗ ಅರ್ಧ ಮೀಟರ್‌ನಿಂದ ಸುಮಾರು ಒಂದು ಮೀಟರ್ ತನಕ ಹೆಚ್ಚುವರಿ ಅಗಲ ಸಿಗುತ್ತದೆ. ಇದನ್ನು ಸರಿಸಲು 12 ವೋಲ್ಟ್ ಮೋಟರ್ ಇರುತ್ತದೆ. ಕೆಲವದರಲ್ಲಿ ಹಲ್ಲುಗಾಲಿ-ಹಲ್ಲುಪಟ್ಟಿಯ ವ್ಯವಸ್ಥೆ, ಕೆಲವದರಲ್ಲಿ ಕೇಬಲ್, ಭಾರವಾದ ಸ್ಲೈಡ್‌ಗಳಲ್ಲಿ ಹೈಡ್ರಾಲಿಕ್. ಯಾವುದಾದರೂ ಸರಿ, ಹೊರಬಂದ ಭಾಗಕ್ಕೆ ಕೆಳಗಿನಿಂದ ನೆಲದ ಆಸರೆ ಇರುವುದಿಲ್ಲ. ಅದು ಮನೆಯ ಬಾಲ್ಕನಿಯಂತೆ ಗಾಳಿಯಲ್ಲಿ ಚಾಚಿಕೊಂಡಿರುತ್ತದೆ. ಮೋಟರ್, ಹಳಿ, ಸೀಲ್ ಎಲ್ಲ ಸೇರಿ ಸ್ಲೈಡ್‌ನಿಂದ ಟ್ರೇಲರ್‌ನ ಸ್ವಂತ ತೂಕವೂ ಹೆಚ್ಚುತ್ತದೆ. ಅಂದರೆ ಜಾಗ ಕೊಡುವ ಇದೇ ಸೌಲಭ್ಯ ಸಾಮಾನಿನ ಪಾಲಿನ ತೂಕವನ್ನು ತಿಂದುಹಾಕುತ್ತದೆ. ಷೋರೂಂನಲ್ಲಿ ಇದನ್ನು ಯಾರೂ ಮೊದಲು ಹೇಳುವುದಿಲ್ಲ.

ಹಳದಿ ಸ್ಟಿಕ್ಕರ್ ಹೇಳುವ ಸತ್ಯ

ಸಾಮಾನು ತುಂಬುವ ಮೊದಲು ಓದಬೇಕಾದದ್ದು ಬಾಗಿಲ ಬಳಿ ಅಂಟಿಸಿರುವ ಹಳದಿ ಬಣ್ಣದ ಸ್ಟಿಕ್ಕರ್. ಸರಕಿನ ತೂಕ ಇಷ್ಟು ಕೆಜಿ ಮೀರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ಜೊತೆಗೆ ನೀರಿನ ಟ್ಯಾಂಕ್ ಪೂರ್ತಿ ತುಂಬಿಸಿದರೆ ಎಷ್ಟು ಕೆಜಿ ಆಗುತ್ತದೆ ಎಂಬುದೂ ಅಲ್ಲೇ ಇರುತ್ತದೆ, ಏಕೆಂದರೆ ನೀರನ್ನೂ ಸರಕೆಂದೇ ಎಣಿಸಲಾಗುತ್ತದೆ.

ಒಂದು ಉದಾಹರಣೆ ನೋಡೋಣ. ಸರಕಿಗೆ 600 ಕೆಜಿ ಅವಕಾಶವಿರುವ ಟ್ರೇಲರ್ ಇದೆ ಎಂದಿಟ್ಟುಕೊಳ್ಳಿ. ಕೇಳಲು ದೊಡ್ಡ ಸಂಖ್ಯೆಯೇ. 190 ಲೀಟರ್ ಟ್ಯಾಂಕ್ ತುಂಬಿಸಿದರೆ 190 ಕೆಜಿ ಅಲ್ಲಿಗೇ ಖರ್ಚು, ಉಳಿದದ್ದು 410. ದೊಡ್ಡವರ ಎರಡು ಇ-ಬೈಕ್, ಮಕ್ಕಳ ಎರಡು ಸೈಕಲ್ ಸೇರಿ 70 ಕೆಜಿ. ಸಣ್ಣ ಜನರೇಟರ್ 25 ಕೆಜಿ. ಗ್ರಿಲ್, ಮಡಚುವ ಮೇಜು-ಕುರ್ಚಿ, ಹೊರಗೆ ಹಾಸುವ ಚಾಪೆ ಸೇರಿ 45 ಕೆಜಿ. ಈಗ ಉಳಿದದ್ದು 270. ಹಾಸಿಗೆ-ಹೊದಿಕೆ, ನಾಲ್ವರ ಬಟ್ಟೆಬರೆಗೆ 80, ಪಾತ್ರೆ-ದಿನಸಿ-ಪಾನೀಯಗಳಿಗೆ 100, ಟ್ರೇಲರ್ ಮಟ್ಟ ಮಾಡುವ ಬ್ಲಾಕ್‌ಗಳು, ಪೈಪುಗಳು, ಜಾಕ್, ಟೂಲ್‌ಬಾಕ್ಸ್‌ಗೆ 50. ಕೊನೆಗೆ ಕೈಯಲ್ಲಿ ಉಳಿಯುವುದು ಬರೀ 40 ಕೆಜಿ. ಇನ್ನೂ ಕಯಾಕ್ ಇಟ್ಟಿಲ್ಲ. ಅಮ್ಮ ಪಟ್ಟು ಹಿಡಿದು ಹಾಕಿಸುವ ಅಕ್ಕಿ ಮೂಟೆ, ಕುಕ್ಕರ್, ಹತ್ತು ಕೆಜಿ ಆಸುಪಾಸಿನ ಟೇಬಲ್ ಟಾಪ್ ಗ್ರೈಂಡರ್ ಕೂಡ ಈ ಲೆಕ್ಕದಲ್ಲಿಲ್ಲ!

ಇಲ್ಲಿ ಸುಲಭವಾಗಿ ಕಡಿಮೆ ಮಾಡಬಹುದಾದದ್ದು ನೀರು. ತಂಗುವ ಜಾಗದಲ್ಲಿ ನಲ್ಲಿ ಇದೆ ಎಂದಾದರೆ ದಾರಿಯಲ್ಲಿ ಶೌಚಾಲಯಕ್ಕೆ ಬೇಕಾದಷ್ಟು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಲ್ಲಿ ಹೋಗಿ ತುಂಬಿಸಿಕೊಳ್ಳಬಹುದು. ಒಂದೇ ಏಟಿಗೆ ನೂರೈವತ್ತು ಕೆಜಿ ಉಳಿತಾಯ. ನಲ್ಲಿ ಇಲ್ಲದ ಕಾಡಿನಂಚಿಗೆ ಹೋಗುವವರಿಗೆ ಈ ಅನುಕೂಲವಿಲ್ಲ. ಅವರು ಸಾಮಾನನ್ನೇ ಕಡಿಮೆ ಮಾಡಬೇಕು.

ಸ್ಲೈಡ್ ಮುಚ್ಚಿದಾಗ ಏನಾಗುತ್ತದೆ?

ಸ್ಲೈಡ್ ಒಳಗೆ ಬಂದಾಗ ಸೋಫಾ ಅಥವಾ ಊಟದ ಮೇಜು ಓಣಿಯ ನಡುವಿಗೇ ಬಂದು ಕೂರುತ್ತದೆ. ಕೆಲವು ಮಾದರಿಗಳಲ್ಲಿ ಅಡ್ಡಡ್ಡ ನಡೆದು ಹೋಗುವಷ್ಟು ಸಂದು ಉಳಿಯುತ್ತದೆ. ಇನ್ನು ಕೆಲವದರಲ್ಲಿ ಸ್ಲೈಡ್ ಎದುರಿನ ಅಡುಗೆ ಕಟ್ಟೆಗೆ ಬಹುತೇಕ ತಾಗಿಬಿಡುತ್ತದೆ. ಫ್ರಿಡ್ಜ್ ಬಾಗಿಲು ತೆಗೆಯಲಾಗದು, ಶೌಚಾಲಯಕ್ಕೆ ಹೋಗಲಾಗದು. ದಾರಿ ಮಧ್ಯೆ ಪುಟ್ಟ ಮಗುವಿಗೆ ಹಾಲು ಬೇಕೆಂದರೆ ಹೆದ್ದಾರಿ ಬದಿಯ ತಂಗುದಾಣದಲ್ಲಿ ಸ್ಲೈಡ್ ತೆರೆಯಬೇಕಾದ ಪರಿಸ್ಥಿತಿ. ಪಕ್ಕದಲ್ಲಿ ಲಾರಿ ನಿಂತಿದ್ದರೆ ಅದೂ ಸಾಧ್ಯವಿಲ್ಲ.

ಆದ್ದರಿಂದ ಟ್ರೇಲರ್ ಕೊಳ್ಳುವಾಗ ಸ್ಲೈಡ್ ಮುಚ್ಚಿಸಿ ಒಳಗೆ ಹೋಗಿ ನೋಡಬೇಕು. ಮಾರಾಟ ಮಳಿಗೆಯಲ್ಲಿ ಯಾವಾಗಲೂ ತೆರೆದೇ ಇಟ್ಟಿರುತ್ತಾರೆ. ಮುಚ್ಚಿದ ಮೇಲೆ ನೆಲದಲ್ಲಿ ಎಷ್ಟು ಉದ್ದ, ಎಷ್ಟು ಅಗಲ ಖಾಲಿ ಉಳಿಯುತ್ತದೆ ಎಂದು ಟೇಪ್ ಹಿಡಿದು ಅಳೆದರೆ ಸೈಕಲ್ ಒಳಗಿಡಬಹುದೇ ಬೇಡವೇ ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಬಾಡಿಗೆಗೆ ಪಡೆಯುವವರೂ ಇದನ್ನು ಕೇಳಿ ತಿಳಿಯುವುದು ಒಳ್ಳೆಯದು.

ಓಣಿಯಲ್ಲಿ ಸಾಮಾನು ಇಡುವವರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಲವು ಮಾದರಿಗಳಲ್ಲಿ ಸ್ಲೈಡ್‌ನ ತಳ ಮುಖ್ಯ ನೆಲಕ್ಕಿಂತ ತುಸು ಎತ್ತರದಲ್ಲಿದ್ದು, ರೋಲರ್‌ಗಳ ಮೇಲೆ ಒಳಕ್ಕೆ ಸರಿದು ಬರುತ್ತದೆ. ನೆಲದಲ್ಲಿ ಬಿದ್ದ ಚಪ್ಪಲಿ, ನಾಯಿಯ ಬಟ್ಟಲು, ಆಟಿಕೆ ಅದರ ದಾರಿಗೆ ಸಿಕ್ಕಿದರೆ ಮೋಟರ್ ತಳ್ಳುತ್ತಲೇ ಇರುತ್ತದೆ. ಸೀಲ್ ಹರಿಯಬಹುದು, ಸ್ಲೈಡ್ ಓರೆಯಾಗಿ ಸಿಕ್ಕಿಕೊಳ್ಳಬಹುದು. ರೋಲರ್ ಕೆಳಗೆ ಮರಳು ಸೇರಿದರೂ ನೆಲದ ಹಾಸಿನ ಮೇಲೆ ಗೀರು ಬೀಳುತ್ತದೆ. ಪ್ರಯಾಣದಲ್ಲಿ ಮೇಲಿನ ಕಪಾಟಿನಿಂದ ಡಬ್ಬ ಉರುಳಿ ಸ್ಲೈಡ್ ಅಂಚಿಗೆ ಬಂದು ಕೂತಿರುವುದೂ ಉಂಟು. ಹಾಗಾಗಿ ತಲುಪಿದ ತಕ್ಷಣ ಬಟನ್ ಒತ್ತುವ ಮೊದಲು ಒಳಗೊಮ್ಮೆ ಇಣುಕಿ ನೋಡಬೇಕು. ಹೊರಗೆ ಮರ, ವಿದ್ಯುತ್ ಕಂಬ ಅಡ್ಡ ಇದೆಯೇ ಎಂದೂ ನೋಡಬೇಕು. ಬ್ಯಾಟರಿ ಸೋತಿದ್ದರೆ ಸ್ಲೈಡ್ ಅರ್ಧದಲ್ಲೇ ನಿಲ್ಲುತ್ತದೆ.

ಸ್ಲೈಡ್ ಮೇಲಿನ ಕಪಾಟು, ಸೋಫಾದ ಅಡಿ ಹಗುರ ವಸ್ತುಗಳಿಗೆ ಮಾತ್ರ. ದಿಂಬು, ಜಾಕೆಟ್, ಟವೆಲ್ ಸರಿ. ಟೂಲ್‌ಬಾಕ್ಸ್, ಪಾನೀಯದ ಕ್ರೇಟ್ ಬೇಡ. ಅಷ್ಟು ತೂಕವನ್ನು ಪ್ರತಿ ಸಲ ತಳ್ಳಬೇಕಾದದ್ದು, ತೆರೆದಿರುವಷ್ಟು ಹೊತ್ತು ಹೊತ್ತುಕೊಂಡಿರಬೇಕಾದದ್ದು ಅದೇ ಮೋಟರ್, ಅದೇ ಹಳಿ.

ಮುಂದೆ ಇಟ್ಟರೆ ಹೇಗೆ, ಹಿಂದೆ ಇಟ್ಟರೆ ಹೇಗೆ?

ಒಟ್ಟು ತೂಕದಷ್ಟೇ ಮುಖ್ಯ ಅದು ಎಲ್ಲಿದೆ ಎಂಬುದು. ಟ್ರೇಲರ್‌ನ ಮೂತಿ ಟ್ರಕ್ಕಿನ ಕೊಂಡಿಯ ಮೇಲೆ ಊರುವ ಭಾರ ಟ್ರೇಲರ್‌ನ ಒಟ್ಟು ತೂಕದ ಶೇ 10ರಿಂದ 15ರಷ್ಟಿರಬೇಕು ಎಂಬುದು ಈ ಕ್ಷೇತ್ರದ ಸಾಮಾನ್ಯ ನಿಯಮ. 3,000 ಕೆಜಿ ಟ್ರೇಲರ್ ಎಂದರೆ 300ರಿಂದ 450 ಕೆಜಿ. ಸಾಮಾನಿನ ಶೇ 60ರಷ್ಟು ಮುಂದಿನ ಅರ್ಧದಲ್ಲಿ, ಶೇ 40 ಹಿಂದಿನ ಅರ್ಧದಲ್ಲಿ ಇಡಿ ಎನ್ನುವುದು ಇದಕ್ಕಾಗಿಯೇ. ಈ ಭಾರ ಕಡಿಮೆಯಾದರೆ ಟ್ರೇಲರ್‌ನ ಹಿಂಭಾಗ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದಾಗ, ಇಳಿಜಾರಿನಲ್ಲಿ ವೇಗ ಹೆಚ್ಚಿದಾಗ ಇದು ಕೈಮೀರುತ್ತದೆ.

ಹಿಂದಿನ ಬಂಪರ್‌ಗೆ ಸೈಕಲ್ ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅಪಾಯವೂ ಅಲ್ಲೇ ಹೆಚ್ಚು. ಸೈಕಲ್ ಮತ್ತು ಸ್ಟ್ಯಾಂಡ್ ಸೇರಿ 60 ಕೆಜಿ, ಅದು ಆಕ್ಸಲ್‌ನಿಂದ 3.5 ಮೀಟರ್ ಹಿಂದಿದೆ, ಕೊಂಡಿ 5.5 ಮೀಟರ್ ಮುಂದಿದೆ ಎಂದುಕೊಳ್ಳಿ. ಮಕ್ಕಳಾಡುವ ಏತದ ಹಲಗೆಯ ಲೆಕ್ಕ ಇದು: ಕೊಂಡಿಯ ಮೇಲಿನ ಭಾರ ಸುಮಾರು 38 ಕೆಜಿ ಇಳಿಯುತ್ತದೆ. ಮೊದಲೇ 300ರ ಅಂಚಿನಲ್ಲಿದ್ದರೆ ಇದೇ ಸಾಕು.

ಅಲ್ಲದೆ ಹಲವು ಟ್ರೇಲರ್‌ಗಳ ಬಂಪರ್ ಎಂದರೆ ಒಳಗೆ ಕೊಳಚೆ ಪೈಪ್ ಇಡಲು ಮಾಡಿದ ನಾಲ್ಕಿಂಚಿನ ಟೊಳ್ಳು ಚೌಕ ಕೊಳವೆ, ಅಷ್ಟೇ. ಭಾರ ಹೊರಲು ಅದನ್ನು ಮಾಡಿಲ್ಲ. ರಸ್ತೆಯ ಪ್ರತಿ ಕುಲುಕಿಗೂ ಸೈಕಲ್‌ಗಳು ಮೇಲೆ ಕೆಳಗೆ ಜಗ್ಗಿ ವೆಲ್ಡಿಂಗ್ ಬಿಡುತ್ತದೆ. ಸೈಕಲ್ ಸಮೇತ ಬಂಪರ್ ಹೆದ್ದಾರಿಗೆ ಬಿದ್ದರೆ ಹಿಂದೆ ಬರುವವರ ಗತಿ ಏನು? ಕಾರಿಗಾಗಿ ಮಾಡಿದ ಹಲವು ಸೈಕಲ್ ಸ್ಟ್ಯಾಂಡ್‌ಗಳ ಕೈಪಿಡಿಯಲ್ಲೇ ಟ್ರೇಲರ್‌ನ ಹಿಂದೆ ಬಳಸಬೇಡಿ ಎಂದು ಬರೆದಿರುತ್ತದೆ. ಚೌಕಟ್ಟಿಗೇ ನೇರವಾಗಿ ಜೋಡಿಸಿದ ರಿಸೀವರ್ ಇದ್ದು, ಅದರ ಮೇಲೆ ತೂಕದ ಮಿತಿ ನಮೂದಾಗಿದ್ದು, ಟ್ರೇಲರ್ ಬಳಕೆಗೆಂದೇ ಮಾಡಿದ ಸ್ಟ್ಯಾಂಡ್ ಇದ್ದರೆ ಮಾತ್ರ ಈ ದಾರಿ ಹಿಡಿಯಬಹುದು.

ಮುಂಭಾಗದಲ್ಲಿ, ಸಾಮಾನ್ಯವಾಗಿ ಮಲಗುವ ಮಂಚದ ಕೆಳಗೆ, ಎಡದಿಂದ ಬಲಕ್ಕೆ ಆರ್‌ಪಾರ್ ಆಗಿರುವ ಪೆಟ್ಟಿಗೆ ಜಾಗ ಇರುತ್ತದೆ. ಇದನ್ನು ‘ಪಾಸ್‌ಥ್ರೂ’ ಎನ್ನುತ್ತಾರೆ. ಎರಡೂ ಬದಿಯಲ್ಲಿ ಹೊರಗಿನಿಂದ ಬಾಗಿಲು. ಸ್ಲೈಡ್ ಮುಚ್ಚಿದ್ದರೂ ತೆರೆದಿದ್ದರೂ ಇದಕ್ಕೆ ಅಡ್ಡಿಯಿಲ್ಲ. ದೊಡ್ಡ ಸಾಮಾನಿಗೆ ಇದಕ್ಕಿಂತ ಒಳ್ಳೆಯ ಜಾಗ ಟ್ರೇಲರ್‌ನಲ್ಲಿ ಇಲ್ಲ. ಕುರ್ಚಿ, ಮೇಜು, ಗ್ರಿಲ್, ಚಾಪೆಯ ಸುರುಳಿ ಎಲ್ಲ ಇಲ್ಲೇ. ಆದರೆ ಇದನ್ನೇ ಗೋದಾಮು ಮಾಡಿಕೊಂಡರೆ ಎದುರಿನ ತೊಂದರೆ. ಆಕ್ಸಲ್‌ಗಿಂತ 3.5 ಮೀಟರ್ ಮುಂದೆ 100 ಕೆಜಿ ಇಟ್ಟರೆ ಕೊಂಡಿಯ ಮೇಲೆ 64 ಕೆಜಿಯಷ್ಟು ಭಾರ ಏರುತ್ತದೆ. ಆ ಭಾರ ಹೊರುವುದು ಟ್ರಕ್ಕು. ಟ್ರಕ್ಕಿನ ಚಾಲಕನ ಬಾಗಿಲ ಬಳಿ ಇರುವ ಸ್ಟಿಕ್ಕರ್‌ನಲ್ಲಿ ಜನ ಮತ್ತು ಸರಕು ಸೇರಿ ಎಷ್ಟು ತೂಕ ಹೊರಬಹುದು ಎಂದಿರುತ್ತದಲ್ಲ, ಕೊಂಡಿಯ ಭಾರ, ಕುಳಿತವರ ತೂಕ, ಟ್ರಕ್ಕಿನ ತೊಟ್ಟಿಯಲ್ಲಿ ಹಾಕಿದ ಸೈಕಲ್ ಎಲ್ಲವೂ ಅದರೊಳಗೇ ಹೊಂದಬೇಕು. ‘ಈ ಟ್ರಕ್ಕು 4,000 ಕೆಜಿ ಎಳೆಯುತ್ತದೆ’ ಎಂಬ ಜಾಹೀರಾತನ್ನು ನಂಬಿದವರು ಎಡವುವುದು ಇಲ್ಲೇ. ಎಳೆಯುವ ಶಕ್ತಿ ಮುಗಿಯುವ ಮೊದಲೇ ಹೊರುವ ಶಕ್ತಿ ಮುಗಿದಿರುತ್ತದೆ.

ಎಡ-ಬಲದ ಸಮತೋಲನವನ್ನೂ ನೋಡಬೇಕು. ಅಮೆರಿಕದ ಟ್ರೇಲರ್‌ಗಳಲ್ಲಿ ಹತ್ತುವ ಬಾಗಿಲು ಬಲಕ್ಕೆ, ದೊಡ್ಡ ಸ್ಲೈಡ್ ಸಾಮಾನ್ಯವಾಗಿ ಎಡಕ್ಕೆ. ಸ್ಲೈಡ್ ಇರುವ ಬದಿ ಮೊದಲೇ ಭಾರ. ಪಾಸ್‌ಥ್ರೂ ಜಾಗದಲ್ಲಿ ಟೂಲ್‌ಬಾಕ್ಸ್‌ನಂಥ ಭಾರವನ್ನು ಬಲಬದಿಗೆ ಸರಿಸಿಟ್ಟರೆ ಎಡಬದಿಯ ಟೈರ್‌ಗಳ ಮೇಲಿನ ಒತ್ತಡ ತುಸು ತಗ್ಗುತ್ತದೆ.

ಯಾವ ಸಾಮಾನು ಎಲ್ಲಿ?

ಸೈಕಲ್‌ಗಳಿಗೆ ಟ್ರಕ್ಕಿನ ತೊಟ್ಟಿಯೇ ವಾಸಿ, ಹೊರುವ ಮಿತಿ ಉಳಿದಿದ್ದರೆ. ಮಕ್ಕಳ ಬಂಕ್ ಮಂಚಗಳಿರುವ ಕೆಲವು ಮಾದರಿಗಳಲ್ಲಿ ಕೆಳಗಿನ ಮಂಚ ಮೇಲಕ್ಕೆ ಮಡಚಿಕೊಳ್ಳುತ್ತದೆ, ಹೊರಗಿನಿಂದ ದೊಡ್ಡ ಬಾಗಿಲೂ ಇರುತ್ತದೆ. ಸೈಕಲ್ ಇಡಲು ಹೇಳಿ ಮಾಡಿಸಿದಂತಿರುತ್ತದೆ. ಆದರೆ ಬಂಕ್ ಇರುವುದು ಹೆಚ್ಚಾಗಿ ಹಿಂಭಾಗದಲ್ಲಿ ಎಂಬುದು ನೆನಪಿರಲಿ. ಮೇಲಿನ ಏತದ ಲೆಕ್ಕ ಇದಕ್ಕೂ ಅನ್ವಯ.

ಗಟ್ಟಿ ಕಯಾಕ್ ಮೂರು ಮೀಟರ್ ಉದ್ದ ಇರುತ್ತದೆ. ಸ್ಲೈಡ್ ಮುಚ್ಚಿದ ಓಣಿಯಲ್ಲಿ ಅದು ಹಿಡಿಸುವುದು ಅಪರೂಪ. ಟ್ರಕ್ಕಿನ ಮೇಲೆ ರ‍್ಯಾಕ್ ಹಾಕಿಸಿ ಕಟ್ಟುವುದೇ ರೂಢಿ. ಟ್ರೇಲರ್ ಚಾವಣಿಯ ಮೇಲೆ ಕಟ್ಟುವ ಯೋಚನೆ ಬೇಡ: ಅದು ತೆಳು ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯ ಚಾವಣಿ, ಒಂದು ತೂತು ಬಿದ್ದರೆ ನೀರಿಳಿದು ಒಳಗಿನ ಮರವೆಲ್ಲ ಕೊಳೆಯುತ್ತದೆ. ಗಾಳಿ ತುಂಬುವ ಕಯಾಕ್, ಪ್ಯಾಡಲ್‌ಬೋರ್ಡ್‌ಗಳು ಬೆನ್ನಿಗೆ ಹಾಕುವ ಚೀಲದೊಳಗೆ ಮಡಚಿಕೊಳ್ಳುತ್ತವೆ. ವೇಗದಲ್ಲಿ ಗಟ್ಟಿ ಕಯಾಕ್‌ಗೆ ಸಮವಲ್ಲದಿರಬಹುದು, ಆದರೆ ಕುಟುಂಬದ ಕೆರೆ ವಿಹಾರಕ್ಕೆ ಧಾರಾಳ ಸಾಕು.

ಜನರೇಟರ್ ಮತ್ತು ಪೆಟ್ರೋಲ್ ಕ್ಯಾನ್ ಬಗ್ಗೆ ರಾಜಿ ಬೇಡ. ಅವನ್ನು ಟ್ರೇಲರ್‌ನ ಒಳಗಾಗಲಿ, ಮಂಚದ ಕೆಳಗಿನ ಮುಚ್ಚಿದ ಪಾಸ್‌ಥ್ರೂನಲ್ಲಾಗಲಿ ಇಡುವಂತಿಲ್ಲ. ಪೆಟ್ರೋಲ್ ಆವಿ ಅಲ್ಲಿ ತುಂಬಿಕೊಂಡರೆ ದೀಪದ ಸ್ವಿಚ್‌ನ ಒಂದು ಕಿಡಿ ಸಾಕು. ಗಾಳಿಯಾಡುವ ಟ್ರಕ್ಕಿನ ತೊಟ್ಟಿಯೇ ಅದರ ಸ್ಥಳ. ಗ್ರಿಲ್‌ನ ಹೆಚ್ಚುವರಿ ಗ್ಯಾಸ್ ಸಿಲಿಂಡರ್‌ಗೂ ಇದೇ ಮಾತು. ನೇರವಾಗಿ ನಿಲ್ಲಿಸಿ, ಅಲುಗಾಡದಂತೆ ಕಟ್ಟಬೇಕು.

ಮಂಚದ ಅಡಿ, ಊಟದ ಬೆಂಚಿನ ಅಡಿ ಖಾಲಿ ಕಾಣುವ ಜಾಗದಲ್ಲಿ ನೀರಿನ ಪಂಪ್, ಪೈಪುಗಳು, ವಿದ್ಯುತ್ ಕನ್ವರ್ಟರ್, ಹೀಟರ್ ಇರುವುದುಂಟು. ಅಲ್ಲಿ ಭಾರ ತುರುಕಿದರೆ ಪೈಪ್ ಬಿರುಕು ಬಿಡುತ್ತದೆ, ಗಾಳಿಕಿಂಡಿ ಮುಚ್ಚಿದರೆ ಕನ್ವರ್ಟರ್ ಬಿಸಿಯಾಗುತ್ತದೆ. ಮೊದಲು ಮುಚ್ಚಳ ತೆಗೆದು ಏನಿದೆ ನೋಡಿಕೊಂಡು, ಉಳಿದ ಮೂಲೆಯಲ್ಲಿ ಹೊದಿಕೆ, ಚಳಿ ಬಟ್ಟೆ ಇಡಬಹುದು.

ಮೋಟರ್‌ಬೈಕ್, ಎಟಿವಿ ಒಯ್ಯುವವರಿಗೆ ಇದಾವುದೂ ಆಗದ ಮಾತು. ಅವರಿಗೆಂದೇ ಹಿಂಭಾಗದಲ್ಲಿ ಗ್ಯಾರೇಜ್, ಇಳಿಜಾರು ಬಾಗಿಲು ಇರುವ ‘ಟಾಯ್ ಹಾಲರ್’ ಟ್ರೇಲರ್‌ಗಳಿವೆ.

ನಿಂತ ಮೇಲೆ ಸ್ಲೈಡ್ ಕೆಳಗೆ ಇಡಬಹುದೇ?

ತಂಗುದಾಣದಲ್ಲಿ ಸ್ಲೈಡ್ ಹೊರಚಾಚಿದಾಗ ಅದರ ಅಡಿಯಲ್ಲಿ ಸೊಗಸಾದ ನೆರಳಿನ ಜಾಗ ಸಿಗುತ್ತದೆ. ಕುರ್ಚಿ, ಕೂಲರ್, ಗ್ರಿಲ್, ಸೈಕಲ್ ಎಲ್ಲ ಅಲ್ಲಿಗೆ ತಳ್ಳುವವರು ಅನೇಕರು. ಖಾಸಗಿ ತಂಗುದಾಣಗಳಲ್ಲಿ ಇದು ನಡೆಯಬಹುದು, ಅಲ್ಲಿನ ನಿಯಮ ಕೇಳಿಕೊಳ್ಳಬೇಕು. ಎತ್ತರದ ವಸ್ತು ಸ್ಲೈಡ್‌ನ ತಳಕ್ಕೆ ತಾಗದಂತೆ ಇಡಬೇಕು, ಏಕೆಂದರೆ ಜನ ಒಳಗೆ ಓಡಾಡಿದಾಗ ಟ್ರೇಲರ್ ಸ್ವಲ್ಪ ಕುಸಿಯುತ್ತದೆ.

ಆದರೆ ಕರಡಿಗಳಿರುವ ಪ್ರದೇಶದಲ್ಲಿ ಇದು ನಡೆಯದು. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಆಹಾರ ಮಾತ್ರವಲ್ಲ, ಗ್ರಿಲ್, ಸ್ಟೌ, ಕೂಲರ್‌ಗಳನ್ನೂ ಬಳಸದಿರುವಾಗ ಹೊರಗೆ ಬಿಡುವಂತಿಲ್ಲ; ಖಾಲಿ ಇದ್ದರೂ ವಾಹನದೊಳಗೆ ಅಥವಾ ಕರಡಿ ತೆರೆಯಲಾಗದ ಪೆಟ್ಟಿಗೆಯಲ್ಲಿ ಇಡಬೇಕು. ಅಲ್ಲಿನ ಫಿಷಿಂಗ್ ಬ್ರಿಜ್ ಆರ್‌ವಿ ಪಾರ್ಕ್‌ನಲ್ಲಂತೂ ಕರಡಿಗಳ ಓಡಾಟದಿಂದಾಗಿ ಗಟ್ಟಿ ಗೋಡೆಯ ವಾಹನಗಳಿಗೆ ಮಾತ್ರ ಪ್ರವೇಶ. ಟೆಂಟ್ ಅಥವಾ ಬಟ್ಟೆಯ ಗೋಡೆಯ ಟ್ರೇಲರ್ ನಿಷಿದ್ಧ. ಹೀಗಾಗಿ ಸಂಜೆ ಊಟ ಮುಗಿದ ಮೇಲೆ ಗ್ರಿಲ್ ಮತ್ತೆ ಪಾಸ್‌ಥ್ರೂಗೇ ಹೋಗಬೇಕು. ಅದನ್ನು ಎಲ್ಲಕ್ಕಿಂತ ಹಿಂದೆ ತುರುಕಿದ್ದರೆ ದಿನವೂ ಕಸರತ್ತು.

ತೂಕ ಹಾಕಿಸುವುದು ಹೇಗೆ?

ಮನೆಯಲ್ಲಿ ಕೂತು ಮಾಡಿದ ಲೆಕ್ಕ ಅಂದಾಜು ಮಾತ್ರ. ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ‘ಕ್ಯಾಟ್ ಸ್ಕೇಲ್’ ತೂಕದ ಸೇತುವೆಗಳಿರುತ್ತವೆ; ಶುಲ್ಕ ಕೊಟ್ಟು ಯಾರು ಬೇಕಾದರೂ ಬಳಸಬಹುದು. ಪೂರ್ತಿ ಸಾಮಾನು, ಜನ, ಇಂಧನ ಸಮೇತ ಹೋಗಿ ಟ್ರಕ್ಕಿನ ಮುಂದಿನ ಗಾಲಿ ಒಂದು ಹಲಗೆಯ ಮೇಲೆ, ಹಿಂದಿನ ಗಾಲಿ ಇನ್ನೊಂದರ ಮೇಲೆ, ಟ್ರೇಲರ್ ಗಾಲಿಗಳು ಮೂರನೆಯದರ ಮೇಲೆ ಬರುವಂತೆ ನಿಲ್ಲಿಸಬೇಕು. ಮೂರರ ತೂಕವೂ ಮುದ್ರಿತವಾಗಿ ಕೈಗೆ ಸಿಗುತ್ತದೆ. ನಂತರ ಟ್ರೇಲರ್ ಕಳಚಿಟ್ಟು ಟ್ರಕ್ಕನ್ನು ಮಾತ್ರ ತೂಗಿದರೆ, ಎರಡೂ ಸಲದ ಟ್ರಕ್ಕಿನ ತೂಕದ ವ್ಯತ್ಯಾಸವೇ ಕೊಂಡಿಯ ಭಾರ. ಅದಕ್ಕೆ ಟ್ರೇಲರ್ ಗಾಲಿಗಳ ತೂಕ ಕೂಡಿಸಿದರೆ ಟ್ರೇಲರ್‌ನ ಒಟ್ಟು ತೂಕ. ಇದನ್ನು ಟ್ರೇಲರ್ ಮೇಲೆ ನಮೂದಿಸಿದ ಗರಿಷ್ಠ ತೂಕದ ಜೊತೆ, ಗಾಲಿಗಳ ತೂಕವನ್ನು ಆಕ್ಸಲ್ ಮತ್ತು ಟೈರ್‌ಗಳ ಮಿತಿಯ ಜೊತೆ ಹೋಲಿಸಿ ನೋಡಬೇಕು.

ಮಿತಿ ಮೀರಿದ್ದರೆ ಟೈರ್‌ಗೆ ಗಾಳಿ ಹೆಚ್ಚು ತುಂಬಿಸುವುದು, ಕೊಂಡಿಗೆ ಓಲಾಟ ತಡೆಯುವ ಸರಳು ಹಾಕಿಸುವುದು ಪರಿಹಾರವಲ್ಲ. ಸರಳುಗಳು ಭಾರವನ್ನು ಹಂಚುತ್ತವೆ, ಕಡಿಮೆ ಮಾಡುವುದಿಲ್ಲ. ಮೊದಲು ಇಳಿಸಬೇಕಾದದ್ದು ನೀರು, ನಂತರ ಹೋದ ಸಲದ ಪ್ರವಾಸದಲ್ಲಿ ಒಮ್ಮೆಯೂ ಹೊರತೆಗೆಯದ ಸಾಮಾನು. ಸೈಕಲ್, ಕಯಾಕ್ ಬಾಡಿಗೆಗೆ ಸಿಗುವ ಪ್ರವಾಸಿ ತಾಣಗಳು ಸಾಕಷ್ಟಿವೆ. ಎರಡು ದಿನದ ಬಾಡಿಗೆ, ಒಂದು ಟೈರ್ ಸಿಡಿದು ಗಾಲಿಯ ಸುತ್ತಲಿನ ಗೋಡೆ ಕಿತ್ತುಹೋದರೆ ಆಗುವ ಖರ್ಚಿಗೆ ಹೋಲಿಸಿದರೆ ಏನೇನೂ ಅಲ್ಲ.